ದಾಕ್ಷಾಯಣಿಯ ಗುರುತುದೀಪ

ಮರೆವಿನ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಅಂಗಡಿಯ ಮೂಲೆಯ ಮೇಜಿನ ಮೇಲಿದ್ದ ಆ ಉಕ್ಕಿನ ಪೆಟ್ಟಿಗೆ ನೋಡುವುದಕ್ಕೆ ಬೇಕರಿಯ ಒಲೆಯ ಹಾಗಿತ್ತು. ಗಾಜಿನ ಬಾಗಿಲಿನೊಳಗೆ ಒಂದು ಹಳೆಯ ಲ್ಯಾಪ್‌ಟಾಪ್ ಬಾಯಿ ತೆರೆದು ಮಲಗಿತ್ತು. ಅದರ ಮುಚ್ಚಳದ ಮೂಲೆಯಲ್ಲಿದ್ದ ಪುಟ್ಟ ದೀಪ ಮೊದಲು ಹಸಿರಾಗಿತ್ತು, ಆಮೇಲೆ ಹಳದಿಗೆ ತಿರುಗಿತು, ಹಳದಿಯಿಂದ ಕೆಂಪಾಯಿತು, ಕೊನೆಗೆ ಆರಿಹೋಯಿತು.

"ಮುಗೀತು ನೋಡ್ರಿ," ಎಂದರು ಡಾಕ್ಟರ್ ಶ್ರೀಪಾದ ಕಟ್ಟಿ. "ಹಳೇ ಮಾಲೀಕರು ಯಾರು ಅನ್ನೋದು ಇನ್ನ ಇದಕ್ಕ ಗೊತ್ತಿಲ್ಲ."

"ಅಯ್ಯ ಪಾಪ," ಎಂದಳು ಗುರುಬಸವ್ವ. "ಅಷ್ಟು ದಿವಸ ದುಡಿಸಿಕೊಂಡೋರನ್ನ ಹಿಂಗ ಮರೀತೈತೇನ್ರೀ?"

ಗುರುಬಸವ್ವ ಹುಬ್ಬಳ್ಳಿಯ ಹಳೆಯ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಖಾನಾವಳಿ ನಡೆಸುವಾಕೆ. ಪಕ್ಕದಲ್ಲಿ ನಿಂತು ಉಗುರು ಕಚ್ಚುತ್ತಿದ್ದವಳು ಅವಳ ಮಗಳು ದಾಕ್ಷಾಯಣಿ. ಸೂಕ್ಷ್ಮಜೀವಿಶಾಸ್ತ್ರ ಓದಲು ನಾರ್ವೆಯ ಒಂದು ಬಂದರು ಪಟ್ಟಣದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕೆಂದು ಅವಳು ಹಟ ಹಿಡಿದಿದ್ದಳು. ಅಲ್ಲಿ ಪೂರ್ತಿ ವಿದ್ಯಾರ್ಥಿವೇತನದ ಒಂದೇ ಒಂದು ಸೀಟು ಇತ್ತು. ಅದು ಸಿಕ್ಕರೆ ಹೋಗುವುದು, ಸಿಗದಿದ್ದರೆ ಇಲ್ಲ. ತಾಯಿ ಮಗಳ ನಡುವೆ ಅಷ್ಟು ಮಾತಾಗಿತ್ತು. ಆದರೆ ಅರ್ಜಿ ಬರೆಯುವುದಕ್ಕೇ ಒಂದು ಸಾಕ್ಷಿಯಂತ್ರ ಬೇಕಿತ್ತು.

ಸಾಕ್ಷಿಯಂತ್ರವೆಂದರೆ ಏನೆಂದು ಇಲ್ಲಿ ಸ್ವಲ್ಪ ಹೇಳಬೇಕು. ಯಂತ್ರಗಳೇ ಮನುಷ್ಯರಿಗಿಂತ ಸೊಗಸಾಗಿ ಪ್ರಬಂಧ ಬರೆಯತೊಡಗಿದ ಮೇಲೆ ಜಗತ್ತಿನ ವಿಶ್ವವಿದ್ಯಾಲಯಗಳಿಗೆಲ್ಲ ಒಂದೇ ತಲೆನೋವು ಹತ್ತಿಕೊಂಡಿತು: ಇದನ್ನು ನಿಜವಾಗಿ ಬರೆದವರು ಯಾರು? ಸಹಿ, ಮುಖ, ದನಿ, ಬೆರಳಚ್ಚು ಎಲ್ಲವನ್ನೂ ನಕಲು ಮಾಡಬಹುದಿತ್ತು. ಆಗ ಬಂದದ್ದು ರೂಢಿಸ್ಮೃತಿ. ಲ್ಯಾಪ್‌ಟಾಪಿನೊಳಗೆ ಕೂರುವ ಈ ಸ್ಮೃತಿಪಟ್ಟಿ ನೀವು ಏನು ಬರೆದಿರಿ ಎಂಬುದನ್ನು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಹೇಗೆ ಬರೆದಿರಿ ಎಂಬುದನ್ನು ಮಾತ್ರ ನೆನಪಿಡುತ್ತದೆ. ಯಾವ ಅಕ್ಷರದ ಮೇಲೆ ಬೆರಳು ಎಷ್ಟು ಭಾರ ಬೀಳುತ್ತದೆ, ಒಂದು ಒತ್ತಿಗೂ ಇನ್ನೊಂದು ಒತ್ತಿಗೂ ನಡುವೆ ಎಷ್ಟು ಬಿಡುವು, ಎಲ್ಲಿ ನಿಂತು ಯೋಚಿಸುತ್ತೀರಿ, ಎಲ್ಲಿ ಬರೆದದ್ದನ್ನು ಅಳಿಸುತ್ತೀರಿ, ಇಂಥವು; ಪಟ್ಟಿ ದೊಡ್ಡದಾದಷ್ಟೂ ನೆನಪು ಸೂಕ್ಷ್ಮ. ಒಂದು ವಾರ ಒಡನಾಡಿದರೆ ಸಾಕು, ಇದು ಯಾರ ಕೈ ಎಂದು ಅದು ಹೇಳಬಲ್ಲದು. ಗುರುತು ಹತ್ತಿದರೆ ಮುಚ್ಚಳದ ಗುರುತುದೀಪ ಹಸಿರು. ಅನುಮಾನ ಬಂದರೆ ಹಳದಿ. ಇವರು ಬೇರೆ ಯಾರೋ ಎನಿಸಿದರೆ ಕೆಂಪು.

ಹೊಸ ಸಾಕ್ಷಿಯಂತ್ರ ಕೊಳ್ಳುವುದು ಖಾನಾವಳಿಯವರಿಗೆ ಆಗುವ ಮಾತಾಗಿರಲಿಲ್ಲ. ಹಾಗಾಗಿ ಕಟ್ಟಿಯವರ ಅಂಗಡಿ. ರೂಢಿಸ್ಮೃತಿಯನ್ನು ಕಂಡುಹಿಡಿದ ವಿಜ್ಞಾನಿಗಳ ತಂಡದಲ್ಲಿ ಅವರೂ ಒಬ್ಬರಾಗಿದ್ದರು. ನಿವೃತ್ತಿಯಾದ ಮೇಲೆ ಊರಿಗೆ ಬಂದು, ಹಳೆಯ ಯಂತ್ರಗಳ ರೂಢಿಯನ್ನು ತೊಳೆದು, ಸವೆದ ಭಾಗ ಬದಲಿಸಿ ಮಾರತೊಡಗಿದ್ದರು. ಫಲಕದ ಮೇಲಿದ್ದ 'ಡಾಕ್ಟರ್' ಎಂಬ ಮಾತನ್ನು ನೋಡಿ ಆಗಾಗ ಯಾರಾದರೂ ಕೆಮ್ಮುತ್ತ ಒಳಗೆ ಬರುವುದುಂಟು. ಅಂಥವರಿಗೆ ಕಟ್ಟಿಯವರು ಒಂದು ಲವಂಗ ಕೊಟ್ಟು ಕಳಿಸುತ್ತಿದ್ದರು.

ಮೇಜಿನ ಮೇಲೆ ಮೂರು ಲ್ಯಾಪ್‌ಟಾಪ್ ಇದ್ದವು. ತೆಳ್ಳಗಿದ್ದುದರ ಮೇಲೆ ದಾಕ್ಷಾಯಣಿಯ ಕಣ್ಣು ಬಿದ್ದಿತ್ತು.

"ಅದು ಬ್ಯಾಡ ತಂಗಿ," ಎಂದರು ಕಟ್ಟಿ. "ನೋಡಲಿಕ್ಕೆ ಚಂದ ಅದ ಅಷ್ಟ. ಅದರ ಸ್ಮೃತಿಪಟ್ಟಿ ಮದರ್‌ಬೋರ್ಡಿಗೆ ಬೆಸುಗೆ ಹಾಕಿದ್ದು. ನಾಳೆ ಸಾಲಲಿಲ್ಲ ಅಂದ್ರ ಹೆಚ್ಚಿಗಿ ಹಾಕಲಿಕ್ಕೆ ಬರೂದಿಲ್ಲ. ಆ ದೊಡ್ಡದಕ್ಕ ಎರಡು ಖಾಲಿ ಜಾಗ ಅವ, ಖರೆ, ಆದ್ರ ಬ್ಯಾಟರಿ ಮುದುಕ ಆಗ್ಯದ. ಈ ನಡುವಿಂದು ನೋಡು. ಒಂದು ಪಟ್ಟಿ ಒಳಗದ, ಒಂದು ಜಾಗ ಖಾಲಿ ಅದ. ಕೀಲಿಮಣಿ ಹೊಸಾದು ಹಾಕೀನಿ."

ಗುರುಬಸವ್ವ ನಡುವಿನದನ್ನು ಎತ್ತಿ ತೂಗಿ ನೋಡಿದಳು. ಮುಚ್ಚಳವನ್ನು ನಾಲ್ಕು ಸಲ ತೆಗೆದು ಹಾಕಿದಳು. ಕೀಲು ಬಿಗಿಯಾಗಿತ್ತು. ತಿರುಗಿಸಿ ತಳ ನೋಡಿದಳು, ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿದಳು. ಹೊಸ ಹಂಚು ತರುವಾಗಲೂ ಅವಳು ಮಾಡುತ್ತಿದ್ದುದು ಇಷ್ಟೇ.

"ಇದ ಇರಲಿ," ಎಂದಳು. "ಖಾಲಿ ಜಾಗಕ್ಕ ಏನ್ ಹಾಕ್ತೀರಿ?"

"ಎರಡು ದಾರಿ ಅವ. ಒಳಗಿರೋ ಪಟ್ಟೀಗೆ ಹೊಂದೋ ಸಣ್ಣ ಜೋಡಿ ಒಂದದ, ಅದರಷ್ಟ ಹಳೇದು. ವಿಶ್ವವಿದ್ಯಾಲಯದವರು ಕೇಳಿದಷ್ಟಕ್ಕ ಅದು ಸಾಕಾಗ್ತದ. ಇನ್ನೊಂದು ಈ ವರ್ಷದ ದೊಡ್ಡ ಪಟ್ಟಿ. ಸಣ್ಣದು ಬೆರಳಿನ ಭಾರ ಎಷ್ಟು, ಒಟ್ಟು ಓಟ ಎಷ್ಟು ಅನ್ನೋದನ್ನಷ್ಟ ನೆನಪಿಡ್ತದ. ದೊಡ್ಡದು ಬಿಡುವನ್ನೂ ನೆನಪಿಡ್ತದ. ನಿಮ್ಮ ಮಗಳು ಹೆಂಗ ತಡೀತಾಳ, ಎಲ್ಲಿ ಉಸಿರು ತಗೋತಾಳ, ಎಲ್ಲಾ."

"ಕೇಳಿದಷ್ಟಕ್ಕ ಸಾಕಾಗ್ತೈತಿ ಅಂದಮ್ಯಾಲ ಸಣ್ಣದ ಕೊಡ್ರಿ. ಜಾಸ್ತಿ ನೆನಪಿದ್ರ ಜಾಸ್ತಿ ತೊಂದರಿ. ನಮ್ಮ ಅತ್ತಿಗೂ ಹಂಗ ಇತ್ತು, ನಾ ಲಗ್ನಾಗಿ ಬಂದ ದಿನ ಸಾರಿಗೆ ಉಪ್ಪು ಹೆಚ್ಚಿಗಿ ಹಾಕಿದ್ದು ಸಾಯೂತನಕ ಹೇಳಿದ್ಲು."

ಕಟ್ಟಿಯವರು ನಕ್ಕರು. ಆದರೆ ಆ ದೊಡ್ಡ ಪಟ್ಟಿಯ ವಿನ್ಯಾಸದಲ್ಲಿ ಅವರ ಕೈಯೂ ಇತ್ತು, ಅದರ ಮೇಲೆ ಅವರಿಗೆ ವಿಪರೀತ ಮೋಹ. "ಹೊರದೇಶ ಅಕ್ಕಾರ. ಅಲ್ಲಿ ಸಣ್ಣ ಅನುಮಾನಕ್ಕೂ ಜಾಗ ಇರಬಾರದು. ಹೆಚ್ಚಿನ ರೇಟು ನನಗ ಬ್ಯಾಡ, ಸಣ್ಣದರ ರೇಟಿಗೇ ಕೊಡ್ತೀನಿ," ಎಂದು ಪಟ್ಟಿಯನ್ನು ಜಾಗದೊಳಗೆ ಒತ್ತಿಯೇ ಬಿಟ್ಟರು. ಟಕ್ ಎಂದಿತು.

"ಒಂದು ಮಾತು ನೆನಪಿಡ್ರಿ," ಎಂದು ಬೆರಳೆತ್ತಿ ಎಚ್ಚರಿಸಿದರು. "ಮೊದಲನೇ ವಾರ ರೂಢಿ ಕೂಡೋ ಕಾಲ. ಈ ಕೀಲಿಮಣಿ ಮ್ಯಾಲೆ ದಾಕ್ಷಾಯಣಿ ಬೆರಳು ಬಿಟ್ರ ಇನ್ನೊಬ್ಬರ ಬೆರಳು ಬೀಳಬಾರದು. ನೀವೂ ಮುಟ್ಟಬ್ಯಾಡ್ರಿ."

ಗುರುಬಸವ್ವ ಅದನ್ನು ವ್ರತದ ಹಾಗೆ ಪಾಲಿಸಿದಳು. ಖಾನಾವಳಿಯ ಮನೆಯಲ್ಲಿ ಒಬ್ಬರದೇ ಎನ್ನುವ ಸಾಮಾನು ಯಾವುದೂ ಇರುವುದಿಲ್ಲ. ಚಾರ್ಜರಿನಿಂದ ಚಪ್ಪಲಿಯವರೆಗೆ ಎಲ್ಲವೂ ಎಲ್ಲರದು. ಅಂಥ ಮನೆಯಲ್ಲಿ ಆ ಲ್ಯಾಪ್‌ಟಾಪನ್ನು ಯಾರೂ ಮುಟ್ಟಲಿಲ್ಲ. ರೊಟ್ಟಿ ಬೇಯಿಸುವ ಚನ್ನವ್ವ ಅದರ ಮೇಲಿನ ಹಿಟ್ಟಿನ ಧೂಳನ್ನು ಸೆರಗಿನಿಂದ ಒರೆಸಲು ಹೋದಾಗ ಗುರುಬಸವ್ವ ಲಟ್ಟಣಿಗೆ ತೋರಿಸಿ ಓಡಿಸಿದಳು.

ಮುಂದಿನ ಹಜಾರವೆಲ್ಲ ಗಿರಾಕಿಗಳದು, ಅಟ್ಟದ ಮೇಲೆ ಜೋಳದ ಚೀಲಗಳು. ದಾಕ್ಷಾಯಣಿ ಚಿಕ್ಕಂದಿನಿಂದ ಓದುತ್ತ ಬಂದದ್ದು ಅಡುಗೆಮನೆಯ ಕಿಟಕಿಯ ಕೆಳಗೆ, ಅವ್ವ ರೊಟ್ಟಿ ಬಡಿಯುವ ಕಲ್ಲಿನ ಪಕ್ಕದಲ್ಲಿ. ಈಗಲೂ ಅಲ್ಲೇ ಕೂತಳು. ಬೆರಳುಗಳು ಅವಳೊಬ್ಬಳದೇ ಆಗಿದ್ದವು. ಕಟ್ಟಿಯವರು ಹೇಳಿದ್ದೂ ಅಷ್ಟೇ, ಇವರು ಕೇಳಿದ್ದೂ ಅಷ್ಟೇ. ಕಿವಿಯ ವಿಚಾರ ಯಾರ ತಲೆಗೂ ಹೊಳೆಯಲಿಲ್ಲ.

ಅರ್ಜಿ ಹೋಯಿತು. ಸಂಶೋಧನೆಯ ಯೋಜನೆ, ಪ್ರಬಂಧಗಳು ಎಲ್ಲವನ್ನೂ ದಾಕ್ಷಾಯಣಿ ಆ ಮೂಲೆಯಲ್ಲಿ ಕೂತೇ ಬರೆದಳು. ದೀಪ ಒಮ್ಮೆಯೂ ಹಸಿರು ಬಿಟ್ಟು ಕದಲಲಿಲ್ಲ. ಸೀಟು ಅವಳಿಗೇ ಬಂತು! ಆ ದಿನ ಗುರುಬಸವ್ವ ಕಟ್ಟಿಯವರನ್ನು ಕರೆದು ಎಣ್ಣೆಗಾಯಿ, ಬಿಸಿ ರೊಟ್ಟಿ ಬಡಿಸಿದಳು. ಒಂಟಿ ಮನುಷ್ಯ, ಅಂದಿನಿಂದ ಮಧ್ಯಾಹ್ನದ ಊಟಕ್ಕೆ ಅಲ್ಲಿಗೇ ಬರತೊಡಗಿದರು.

ಬಾಕಿ ಉಳಿದದ್ದು ಹಾಜರಿ ಬರಹ ಒಂದೇ. ನಾರ್ವೆಗೆ ಹೋದ ಮೇಲೆ, ವಿಶ್ವವಿದ್ಯಾಲಯದ ನಿಶ್ಶಬ್ದ ಕೊಠಡಿಯಲ್ಲಿ ಕೂತು, ಅವರು ಕೊಟ್ಟ ವಿಷಯದ ಮೇಲೆ ಒಂದು ಗಂಟೆ ಬರೆಯಬೇಕು. ಅರ್ಜಿ ಬರೆದ ಕೈ ಇದೇ ಎಂದು ಯಂತ್ರ ಸಾಕ್ಷಿ ಹೇಳಬೇಕು. ಒಂದು ಸಲ ಕೆಂಪು ದೀಪ ಬಂದರೆ ಎಚ್ಚರಿಕೆ. ಮತ್ತೊಮ್ಮೆ ಬಂದರೆ ಸೀಟು ರದ್ದು, ವೀಸಾ ರದ್ದು.

"ಅದೇನ್ ದೊಡ್ಡ ಮಾತು?" ಎಂದು ಕಟ್ಟಿಯವರು ರೊಟ್ಟಿ ಮುರಿಯುತ್ತ ಹೇಳಿದ್ದರು. "ಅದರಾಗ ಇರೋದು ನನ್ನ ಪಟ್ಟಿ."

ನಿಶ್ಶಬ್ದ ಕೊಠಡಿ ನಿಜಕ್ಕೂ ನಿಶ್ಶಬ್ದವಾಗಿತ್ತು. ಗೋಡೆಗೆಲ್ಲ ದಪ್ಪ ಉಣ್ಣೆಯ ಹೊದಿಕೆ, ನೆಲಕ್ಕೆ ಮೆತ್ತನೆಯ ಹಾಸು. ಬಾಗಿಲಲ್ಲೇ ಬೂಟು ಬಿಚ್ಚಿಸಿಕೊಂಡು ಬಟ್ಟೆಯ ಚಪ್ಪಲಿ ಕೊಟ್ಟಿದ್ದರು. ದಾಕ್ಷಾಯಣಿಗೆ ತನ್ನ ಉಸಿರಿನ ಸದ್ದು ತನಗೇ ಕೇಳಿಸಿ ಹೆದರಿಕೆಯಾಯಿತು. ಇಷ್ಟು ಮೌನದಲ್ಲಿ ಅವಳು ಹುಟ್ಟಿದಂದಿನಿಂದ ಕೂತವಳಲ್ಲ.

ಮೇಲ್ವಿಚಾರಕಿ ರಾಗ್ನಿಲ್ಡ್ ಎಂಬಾಕೆ ನರೆಗೂದಲಿನ ಎತ್ತರದ ಹೆಂಗಸು. ಗಡಿಯಾರ ನೋಡಿ ಕೈಸನ್ನೆ ಮಾಡಿದಳು. ಬೇರೆ ಬೇರೆ ವಿಭಾಗಗಳಿಗೆ ಬಂದಿದ್ದವರೆಲ್ಲ ಬರೆಯತೊಡಗಿದರು.

ದಾಕ್ಷಾಯಣಿ ಎರಡು ವಾಕ್ಯ ಬರೆಯುವಷ್ಟರಲ್ಲಿ ದೀಪ ಹಳದಿಯಾಯಿತು.

ಪ್ರಯಾಣದ ದಣಿವಿರಬೇಕು ಎಂದುಕೊಂಡಳು. ಕೈ ಕೊಡವಿಕೊಂಡು ಮತ್ತೆ ಬರೆದಳು. ವಿಷಯ ಗೊತ್ತಿದ್ದದ್ದೇ. ಹುದುಗು ಬರಿಸುವ ಸೂಕ್ಷ್ಮಜೀವಿಗಳು ಚಳಿಯಲ್ಲಿ ಹೇಗೆ ಬದುಕುತ್ತವೆ ಎಂಬ ಬಗ್ಗೆ ಅವಳು ನಿದ್ದೆಯಲ್ಲೂ ಬರೆಯಬಲ್ಲಳು. ಆದರೆ ಬೆರಳುಗಳು ಒಮ್ಮೆ ಮುಗ್ಗರಿಸುತ್ತಿದ್ದವು, ಒಮ್ಮೆ ಸುಮ್ಮನೆ ಓಡುತ್ತಿದ್ದವು. ನಿಲ್ಲಬೇಕಾದಲ್ಲಿ ನಿಲ್ಲುತ್ತಿರಲಿಲ್ಲ. ದೀಪ ಕೆಂಪಾಯಿತು.

ಗೋಡೆಯ ಬದಿಯ ಬೆಂಚಿನಲ್ಲಿ ಆಗಲೇ ಒಬ್ಬ ಗಡ್ಡದ ತರುಣ ತಲೆ ತಗ್ಗಿಸಿ ಕೂತಿದ್ದ. ಅವನು ಟ್ಯುನೀಶಿಯಾದವನು. ಬೆಳಿಗ್ಗೆ ಕಾರಿಡಾರಿನಲ್ಲಿ ಅವಳಿಗೆ ಒಂದು ಖರ್ಜೂರ ಕೊಟ್ಟು ಮಾತಾಡಿಸಿದ್ದ. ಮಡಿಲಲ್ಲಿದ್ದ ಅವನ ಯಂತ್ರದ ದೀಪವೂ ಕೆಂಪಾಗಿತ್ತು.

ರಾಗ್ನಿಲ್ಡ್ ಹತ್ತಿರ ಬಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದಳು: "ಇದು ನಿಮ್ಮದೇ ಯಂತ್ರವೇ?"

"ನನ್ನದೇ. ನಾನೇ ಬರೆದದ್ದು. ದಯವಿಟ್ಟು ನಂಬಿ."

"ನಾನು ನಂಬುವುದು ಬಿಡುವುದು ಇಲ್ಲಿ ನಡೆಯುವುದಿಲ್ಲ," ಎಂದಳು ರಾಗ್ನಿಲ್ಡ್. ದನಿಯಲ್ಲಿ ಸಿಟ್ಟಿರಲಿಲ್ಲ. "ಯಂತ್ರದಲ್ಲೇ ದೋಷವಿರಬಹುದು. ಮಾರಿದವರಿಗೆ ಒಂದು ಕರೆ ಮಾಡಲು ನಿಯಮದಲ್ಲಿ ಅವಕಾಶವಿದೆ. ನನ್ನ ಎದುರಿನಲ್ಲೇ, ಎಲ್ಲವೂ ನನಗೆ ಕೇಳಿಸುವಂತೆ. ಆಮೇಲೆ ಇನ್ನೊಂದು ಪ್ರಯತ್ನ. ಅದೇ ಕೊನೆಯದು."

ಪಕ್ಕದಲ್ಲೇ ಗಾಜಿನ ಗೋಡೆಯ ಒಂದು ಸಣ್ಣ ಕೋಣೆಯಿತ್ತು. ಅಲ್ಲಿಗೆ ಲ್ಯಾಪ್‌ಟಾಪ್ ಹೊತ್ತು ನಡೆದರು. ರಾಗ್ನಿಲ್ಡ್ ಕಿವಿಗೆ ಅನುವಾದಕದ ಗುಂಡಿ ಸಿಕ್ಕಿಸಿಕೊಂಡು, ತನ್ನ ಫೋನನ್ನು ಮೇಜಿನ ಮೇಲಿಟ್ಟು ಕಟ್ಟಿಯವರ ನಂಬರು ಒತ್ತಿದಳು.

ಅಲ್ಲಿ ಬೆಳಿಗ್ಗೆಯಾದರೆ ಹುಬ್ಬಳ್ಳಿಯಲ್ಲಿ ಮಧ್ಯಾಹ್ನ. ಖಾನಾವಳಿಯಲ್ಲಿ ಕಾಲಿಡಲು ಜಾಗವಿರದ ಹೊತ್ತು. ಗದ್ದಲ ತಪ್ಪಿಸಿಕೊಳ್ಳಲು ಅಡುಗೆಮನೆಯ ಕಿಟಕಿಯ ಕೆಳಗೆ, ದಾಕ್ಷಾಯಣಿಯ ಜಾಗದಲ್ಲೇ ತಟ್ಟೆ ಇಟ್ಟುಕೊಂಡು ಕೂತಿದ್ದ ಕಟ್ಟಿಯವರು ಎಡಗೈಯಿಂದ ಫೋನೆತ್ತಿದರು.

"ಕೆಂಪು ಬಂತೇ? ಹೆಂಗ ಬರ್ತದ? ಸಾಧ್ಯನ ಇಲ್ಲ ತಂಗಿ!"

"ಬಂದೈತ್ರಿ ಸರ. ಇನ್ನೊಂದ್ ಸಲ ಬಂದ್ರ ಊರಿಗೆ ಕಳಸ್ತಾರ್ರಿ." ದಾಕ್ಷಾಯಣಿ ಅಳುತ್ತಲೇ ಹೇಳಿದಳು.

"ಅಳಬ್ಯಾಡ. ಮೊದಲ ಯಂತ್ರ ಪರೀಕ್ಷಾ ಸ್ಥಿತಿಗೆ ಹಾಕು. ಹಾಕಿದಿ? ಈಗ ಬರೆದದ್ದು ಲೆಕ್ಕಕ್ಕಿಲ್ಲ. ಸುಮ್ನ ಏನರೆ ಬರಿ, ದೀಪ ನೋಡಿ ಹೇಳು."

ಅವಳು ಬಾಯಿಗೆ ಬಂದದ್ದನ್ನು ಬರೆದಳು. ನಮ್ಮ ಊರು ಹುಬ್ಬಳ್ಳಿ, ನಮ್ಮವ್ವನ ಹೆಸರು ಗುರುಬಸವ್ವ. ಕೆಂಪಿದ್ದ ದೀಪ ಹಳದಿಯಾಯಿತು. ಅವಳು ಕಣ್ಣುಜ್ಜಿಕೊಂಡು ನೋಡಿದಳು. ಹಸಿರು!

"ಸರ, ಹಸಿರ ಆತ್ರಿ!"

"ಏನ್ ಮಾಡಿದಿ?"

"ಏನೂ ಮಾಡಿಲ್ರೀ. ಬರದೆ ಅಷ್ಟ."

ಅಷ್ಟರಲ್ಲಿ ಫೋನಿನಲ್ಲಿ ಇನ್ನೊಂದು ದನಿ ನುಗ್ಗಿತು. ಮಗಳ ಹೆಸರು ಕಿವಿಗೆ ಬಿದ್ದದ್ದೇ ಗುರುಬಸವ್ವ ಬಡಿಯುತ್ತಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟು ಎದ್ದು ಬಂದಿದ್ದಳು. "ದಾಕ್ಷೀ? ಏನಾತ ಯವ್ವಾ? ಯಾಕ ಅಳಾಕತ್ತಿ? ಯಾರ್ ಏನಂದ್ರು ನಿನಗ?"

"ಏನಿಲ್ಲವ್ವಾ, ಆಮ್ಯಾಲ ಹೇಳ್ತೀನಿ," ಎನ್ನುತ್ತಲೇ ದಾಕ್ಷಾಯಣಿ ಬರೆಯುವುದನ್ನು ಮುಂದುವರಿಸಿದಳು. ದೀಪ ಮತ್ತೆ ಹಳದಿಯಾಯಿತು, ಮತ್ತೆ ಕೆಂಪು. "ಸರ, ಹೋತ್ರಿ! ಮತ್ತ ಕೆಂಪ ಆತು!"

ಕಟ್ಟಿಯವರು ಬಾಯಿಯ ಬಳಿಯ ತುತ್ತನ್ನು ಹಾಗೇ ಹಿಡಿದು ಕೂತರು. ಎದುರಿಗೆ ಕಲ್ಲಿನ ಮೇಲೆ ಅರ್ಧ ಬಡಿದ ರೊಟ್ಟಿ. ಪಕ್ಕದಲ್ಲಿ ಹಿಟ್ಟು ಮೆತ್ತಿದ ಕೈಯ ಗುರುಬಸವ್ವ. ಕಲ್ಲಿನಿಂದ ತಾವು ಕೂತ ಜಾಗಕ್ಕೆ ಇದ್ದ ದೂರವನ್ನು ಕಣ್ಣಲ್ಲೇ ಅಳೆದರು. ಹುಡುಗಿ ಇಷ್ಟು ದಿನ ಬರೆದದ್ದು ಇಲ್ಲೇ ಕೂತಲ್ಲವೇ?

"ಅಕ್ಕಾರ, ಹೋಗಿ ಬಡೀರಿ!"

"ಏನ್ ಬಡೀಲ್ರೀ? ನನ್ನ ಮಗಳು ಅಲ್ಲಿ—"

"ರೊಟ್ಟೀರಿ! ರೊಟ್ಟಿ ಬಡೀರಿ ಮೊದಲ!"

ಗುರುಬಸವ್ವನಿಗೆ ಈ ಮನುಷ್ಯನಿಗೆ ತಲೆ ಕೆಟ್ಟಿದೆ ಅನಿಸಿತು. ಆದರೂ ಹೋಗಿ ಬಡಿದಳು. ತಪತಪತಪ ಎಂದು ಒಂದು ಸುತ್ತು, ಮತ್ತೊಂದು ಸುತ್ತು. ರೊಟ್ಟಿ ಎತ್ತಿ ಚನ್ನವ್ವನ ಹಂಚಿಗೆ ಹಾಕುವಾಗ ಒಂದು ಬಿಡುವು. ಮತ್ತೆ ತಪತಪತಪ. ನಾರ್ವೆಯ ಗಾಜಿನ ಕೋಣೆಯಲ್ಲಿ ದೀಪ ಹಸಿರಾಯಿತು.

"ನಂದು ತಪ್ಪಾತು ತಂಗಿ," ಎಂದರು ಕಟ್ಟಿ. ಅವರ ದನಿ ಸಣ್ಣದಾಗಿತ್ತು. "ಯಂತ್ರಕ್ಕ ಕಿವಿ ಇಲ್ಲ, ಅದಕ್ಕ ರೊಟ್ಟಿ ಸದ್ದು ಕೇಳಿಲ್ಲ. ಕೇಳಿದ್ದು ನಿನ್ನ ಬೆರಳು. ಅವ್ವನ ಬಡಿತಕ್ಕ ನಿನ್ನ ಬೆರಳು ಓಡ್ತಿದ್ದು, ಆಕಿ ರೊಟ್ಟಿ ಎತ್ತಿದಾಗ ನೀನೂ ತಡೀತಿದ್ದಿ. ಸಣ್ಣ ಪಟ್ಟಿ ಆಗಿದ್ರ ಇದನ್ನೆಲ್ಲಾ ನೆನಪಿಡ್ತಿರಲಿಲ್ಲ. ದೊಡ್ಡದು ಎಲ್ಲಾ ಇಟ್ಕೊಂಡು ಕೂತದ. ಅದರ ಲೆಕ್ಕಕ್ಕ ನೀ ಅಂದ್ರ ನೀ ಒಬ್ಬಾಕೆ ಅಲ್ಲ."

ರಾಗ್ನಿಲ್ಡ್ ಅನುವಾದಕದ ಗುಂಡಿಯನ್ನು ಬೆರಳಿನಿಂದ ಒತ್ತಿ ಹಿಡಿದು ಎಲ್ಲವನ್ನೂ ಕೇಳುತ್ತಿದ್ದಳು. ದಾಕ್ಷಾಯಣಿ ಅವಳತ್ತ ತಿರುಗಿದಳು. "ತಾಳವನ್ನು ಮನಸ್ಸಿನಲ್ಲೇ ಹಾಕಿಕೊಂಡು ನೋಡುತ್ತೇನೆ," ಎಂದಳು. ಕರೆ ನಿಲ್ಲಿಸಿ, ಕಾಲಿನಿಂದ ನೆಲ ತಟ್ಟುತ್ತ ಬರೆದು ನೋಡಿದಳು. ತಾಳದ ಕಡೆ ಗಮನವಿಟ್ಟರೆ ವಿಷಯ ತಪ್ಪುತ್ತಿತ್ತು, ವಿಷಯದ ಕಡೆ ಇಟ್ಟರೆ ತಾಳ. ದೀಪ ಹಳದಿ ಬಿಟ್ಟು ಹಸಿರಿಗೆ ಹೋಗಲೇ ಇಲ್ಲ.

"ಮೌನ ಇರಬೇಕು ಎಂದು ನಿಯಮ ಹೇಳುವುದಿಲ್ಲ," ಎಂದಳು ರಾಗ್ನಿಲ್ಡ್. "ಹೊರಗಿನವರು ನೆರವಾಗಬಾರದು ಎನ್ನುತ್ತದೆ. ಸದ್ದು ನೆರವಲ್ಲ, ಮಾತು ನೆರವು. ಈ ಕೋಣೆಯಲ್ಲೇ ಕೂತು ಬರೆಯಿರಿ, ಫೋನು ನನ್ನ ಕೈಯಲ್ಲಿರುತ್ತದೆ. ಆ ಕಡೆಯಿಂದ ಒಂದೇ ಒಂದು ಮಾತು ಬಂದರೂ, ಅದು ಯಾರ ಮಾತಾಗಲಿ, ಯಾವ ಮಾತಾಗಲಿ, ಅಲ್ಲಿಗೆ ನಿಲ್ಲಿಸಿಬಿಡುತ್ತೇನೆ. ಒಪ್ಪಿಗೆಯೇ?"

ಮಧ್ಯಾಹ್ನದ ಹೊತ್ತಿನ ಖಾನಾವಳಿಯಲ್ಲಿ ಒಂದು ಗಂಟೆ ಯಾರೂ ಮಾತಾಡಬಾರದು! ಬೇರೆ ದಾರಿ ಇರಲಿಲ್ಲ. ದಾಕ್ಷಾಯಣಿ ಒಪ್ಪಿದಳು.

ಮತ್ತೆ ಬಂದ ಕರೆಯಲ್ಲಿ ಈ ಕರಾರು ಕೇಳಿದ ಕಟ್ಟಿಯವರು ಆಗಬೇಕಾದ್ದನ್ನು ಗುರುಬಸವ್ವನಿಗೆ ಒಂದೇ ಉಸಿರಿನಲ್ಲಿ ಹೇಳಿದರು. ಆಕೆ ಹಜಾರದ ಬಾಗಿಲಲ್ಲಿ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಕೇಳ್ರಿ ಎಲ್ಲಾರೂ! ನನ್ನ ಮಗಳ ಸೀಟು ಈಗ ನಿಮ್ಮ ಬಾಯಾಗ ಐತಿ. ನಾ ಏಳೂತನಕ ಯಾರರ ತುಟಿ ಪಿಟಕ್ ಅಂದ್ರ, ಈ ಬಾಗಲಾ ಇನ್ನ ಅವರಿಗೆ ತೆರೆಯೂದಿಲ್ಲ. ಪಲ್ಯ ಬೇಕಂದ್ರ ಕೈ ಮಾಡ್ರಿ."

ಫೋನು ಕಲ್ಲಿನ ಪಕ್ಕದಲ್ಲಿ, ಹಿಟ್ಟಿನ ಡಬ್ಬಿಗೆ ಒರಗಿ ನಿಂತಿತು. ಗುರುಬಸವ್ವ ಕೂತಳು. ಬಡಿತ ಶುರುವಾಯಿತು.

ಮೊದಲಿಗೆ ಎಲ್ಲ ಕೆಡುವುದರಲ್ಲಿತ್ತು. ಗಾಬರಿಗೆ ಗುರುಬಸವ್ವನ ಕೈ ಜೋರಾಗಿ ಓಡುತ್ತಿತ್ತು. ಅದರ ಹಿಂದೆ ಮಗಳ ಬೆರಳೂ ಓಡಿದವು, ದೀಪ ಹಳದಿಗೆ ತಿರುಗಿತು. ನಿಧಾನ ಅವ್ವಾ ಎಂದು ಕೂಗಬೇಕೆನಿಸಿತು ದಾಕ್ಷಾಯಣಿಗೆ. ಕೂಗುವಂತಿರಲಿಲ್ಲ. ದೀಪ ಹಳದಿಯಾಗಿದೆ ಎಂದು ಅಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ತುಟಿ ಕಚ್ಚಿ ಹಿಡಿದು ಬೆರಳನ್ನು ಸ್ವಲ್ಪ ತಡೆದಳು.

ಖಾನಾವಳಿಯಲ್ಲಿ ಗುರುಬಸವ್ವ ತಲೆ ಓರೆ ಮಾಡಿ ಕೇಳಿಸಿಕೊಂಡಳು. ಫೋನಿನೊಳಗಿಂದ ಸಣ್ಣಗೆ ಟಕಟಕ ಎಂಬ ಸದ್ದು ಬರುತ್ತಿತ್ತು. ಮಗಳ ಕೀಲಿಮಣೆ. ವರ್ಷವಿಡೀ ಪಕ್ಕದಲ್ಲಿ ಕೇಳಿದ ಸದ್ದು ಅದು. ಇವತ್ತು ಅದು ಎಳೆದು ಎಳೆದು ಬರುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಕೈ ತಡೆದಳು. ಟಕಟಕ ಸಮವಾಯಿತು, ತಪತಪವೂ ಸಮವಾಯಿತು. ದೀಪ ಹಸಿರಿಗೆ ಮರಳಿತು.

ಹಜಾರದಲ್ಲಿ ಲಾರಿ ಚಾಲಕನೊಬ್ಬ ಶೇಂಗಾ ಚಟ್ನಿಗಾಗಿ ಕೈಯಲ್ಲೇ ಕಾಯಿ ಸುಲಿಯುವಂತೆ ಮಾಡಿ ತೋರಿಸಿದ. ಸೀನು ಬಂದ ಇನ್ನೊಬ್ಬ ಟವೆಲ್ಲಿನೊಳಗೆ ಮುಖ ಹುದುಗಿಸಿ ಕಣ್ಣಲ್ಲಿ ನೀರು ತಂದುಕೊಂಡ. ಎಲ್ಲರೂ ತಟ್ಟೆಯ ಕಡೆ ನೋಡುತ್ತ ಉಣ್ಣುತ್ತಿದ್ದರು. ಯಾರ ಹುಡುಗಿ, ಎಲ್ಲಿಯ ಪರೀಕ್ಷೆ ಎಂದು ಅರ್ಧ ಜನಕ್ಕೆ ಗೊತ್ತೂ ಇರಲಿಲ್ಲ. ಆದರೂ ಉಂಡು ಮುಗಿಸಿದವರು ಏಳಲಿಲ್ಲ, ಬೆಂಚು ಸರಿಸಿದರೆ ಸದ್ದಾದೀತೆಂದು ಹಾಗೇ ಕೂತರು.

ಹೊಸಬನೊಬ್ಬ ಬೀದಿಯಿಂದ ನೇರ ಅಡುಗೆಮನೆಯ ಬಾಗಿಲಿಗೇ ಬಂದು, "ಅಕ್ಕಾ, ಯರಡ್ ಊ—" ಎಂದ. ಕಟ್ಟಿಯವರು ಹಾರಿ ಅವನ ಬಾಯಿ ಮುಚ್ಚಿದರು. ಅವರ ಎಂಜಲು ಕೈ ಅವನ ಮೀಸೆಗೆಲ್ಲ ಮೆತ್ತಿಕೊಂಡಿತು.

ಗಾಜಿನ ಕೋಣೆಯಲ್ಲಿ ರಾಗ್ನಿಲ್ಡ್ ಬೆಚ್ಚಿ ಫೋನಿನತ್ತ ನೋಡಿದಳು. ದಾಕ್ಷಾಯಣಿ ಬೆರಳು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಕೆಂಪು. ರಾಗ್ನಿಲ್ಡ್ ಅನುವಾದಕ ಏನಾದರೂ ಹೇಳೀತೇ ಎಂದು ಕಾದಳು. ತುಂಡು ಮಾತಿಗೆ ಅರ್ಥ ಹಚ್ಚಲಾಗದೆ ಅದು ಸುಮ್ಮನಿತ್ತು. ಅವಳು ಉಸಿರು ಬಿಟ್ಟು ಮತ್ತೆ ಗಡಿಯಾರದ ಕಡೆ ತಿರುಗಿದಳು.

ನಾದಿದ ಹಿಟ್ಟು ಮುಗಿಯುತ್ತ ಬಂತು. ಬೇಯಿಸಿದ ರೊಟ್ಟಿ ಚನ್ನವ್ವನ ಪಕ್ಕ ಮೊಣಕಾಲೆತ್ತರ ಏರಿತ್ತು. ಹೊಸ ಹಿಟ್ಟು ನಾದಲು ನಿಂತರೆ ಬಡಿತ ನಿಲ್ಲುತ್ತದೆ. ಗುರುಬಸವ್ವ ಕೊನೆಯ ಉಂಡೆಯನ್ನು ಬಡಿದಳು, ಅಗಲವಾದ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕುವ ಬದಲು ಕೈಯಲ್ಲೇ ಮುದುಡಿ ಮತ್ತೆ ಉಂಡೆ ಮಾಡಿದಳು, ಮತ್ತೆ ಬಡಿದಳು. ಎತ್ತುವ ಬಿಡುವು ಎಷ್ಟಿರಬೇಕೋ ಅಷ್ಟೇ ಇತ್ತು. ಅದೇ ಒಂದು ಉಂಡೆ, ಎಷ್ಟು ಸಲವೋ. ಅವಳ ರಟ್ಟೆ ಸೋತಿತ್ತು. ಮಗಳ ಜೊತೆ ಸರಿಯಾಗಿ ಮಾತಾಡಿ ಎಷ್ಟೋ ದಿನವಾಗಿತ್ತು, ಈಗ ಫೋನಿನಲ್ಲಿ ಇಷ್ಟು ಹತ್ತಿರವಿದ್ದಾಳೆ, ಒಂದು ಮಾತಾಡುವಂತಿಲ್ಲ. ಕಣ್ಣೀರು ಮೂಗಿನ ತುದಿಯಿಂದ ಹಿಟ್ಟಿನ ಮೇಲೆ ಬೀಳುತ್ತಿತ್ತು. ಮೂಗು ಎಳೆದುಕೊಂಡರೆ ಕೇಳಿಸೀತು, ಒರೆಸಿಕೊಂಡರೆ ಬಡಿತ ತಪ್ಪೀತು ಎಂದು ಹಾಗೇ ಬಿಟ್ಟಳು.

ರಾಗ್ನಿಲ್ಡ್ ಕೈಯೆತ್ತಿದಳು. "ಸಮಯ ಮುಗಿಯಿತು."

ದಾಕ್ಷಾಯಣಿ ಕೀಲಿಮಣೆಯಿಂದ ಕೈ ತೆಗೆದಳು. ದೀಪ ಹಸಿರಾಗಿಯೇ ಇತ್ತು. ಪರದೆಯ ಮೇಲೆ ಒಂದು ಸಾಲು ಮೂಡಿತು: ಬರೆದವರು ಇವರೇ.

"ಈಗ ಮಾತಾಡಬಹುದು," ಎಂದು ರಾಗ್ನಿಲ್ಡ್ ಫೋನನ್ನು ಅವಳ ಮುಂದೆ ಹಿಡಿದಳು.

ಆ ಕಡೆ ಬಡಿತ ನಿಂತಿರಲಿಲ್ಲ.

"ಅವ್ವಾ, ಮುಗೀತು. ಸಾಕು."

ತಪತಪತಪ.

"ಅವ್ವಾ, ನಾನವ್ವಾ. ಖರೇನ ಮುಗೀತು. ಹಸಿರ ಐತಿ. ಸೀಟು ನಂದ ಆತು."

ನಂಬಿಕೆ ಬಾರದಂತೆ ಇನ್ನೆರಡು ಸುತ್ತು ಬಡಿದು ಕೈ ನಿಂತಿತು. ಆಮೇಲೆ ಗಂಟೆಯಿಂದ ಕಟ್ಟಿಟ್ಟಿದ್ದ ಖಾನಾವಳಿಯ ಗದ್ದಲವೆಲ್ಲ ಒಮ್ಮೆಲೇ ಒಡೆದು ಫೋನಿನೊಳಗೆ ಬಂತು. ಸಿಳ್ಳೆ, ಚಪ್ಪಾಳೆ, ಆ ಸೀನು ಕೂಡ. ಅದೆಲ್ಲದರ ನಡುವೆ ಗುರುಬಸವ್ವ ಬಿಕ್ಕುತ್ತ ಬೈಯುತ್ತಿದ್ದಳು: "ಇಷ್ಟ್ ರೊಟ್ಟಿ ಯಾರ್ ತಿನಬೇಕ? ಹೇಳ ನನಗ. ಮುಂದಿನ ಪರೀಕ್ಷೆ ಯಾವಾಗೈತಿ? ಮೊದಲ ಹೇಳಬೇಕೋ ಬ್ಯಾಡೋ? ಜ್ವಾಳಾ ಬೀಸಿಸಿ ಇಡ್ತಿದ್ದಿಲ್ಲೇನ ನಾ?"

"ತಂಗಿ, ಆ ಪಟ್ಟಿ ಕಳಿಸು," ಎಂದು ಕಟ್ಟಿಯವರು ನಡುವೆ ಬಾಯಿ ಹಾಕಿದರು. "ಬಡಿತ ಅಷ್ಟ ತೊಳೆದು ತಗೀತೀನಿ. ನೀ ಒಬ್ಬಾಕೆನ ಇರೋ ಹಂಗ ಮಾಡಿ ಕೊಡ್ತೀನಿ."

"ಅದನ್ನ ಮುಟ್ಟಿದ್ರ ನೋಡ್ರಿ ಡಾಕ್ಟರ್ರ," ಎಂದಳು ಗುರುಬಸವ್ವ. ದಾಕ್ಷಾಯಣಿಗೆ ಅಳುವಿನ ನಡುವೆಯೇ ನಗು ಬಂತು.

ಅನುವಾದಕದಲ್ಲಿ ಇದನ್ನೆಲ್ಲ ಕೇಳುತ್ತ ನಿಂತಿದ್ದ ರಾಗ್ನಿಲ್ಡ್ ಗಾಜಿನಾಚೆ ನೋಡುತ್ತಿದ್ದಳು. ಗೋಡೆಯ ಬದಿಯ ಬೆಂಚಿನಲ್ಲಿ ಗಡ್ಡದ ತರುಣ ಇನ್ನೂ ತಲೆ ತಗ್ಗಿಸಿಯೇ ಕೂತಿದ್ದ. ಅವನೂ ಮಾರಿದವರಿಗೆ ಕರೆ ಮಾಡಿದ್ದ. ಯಂತ್ರದಲ್ಲಿ ದೋಷವಿಲ್ಲ ಎಂದು ಅವರು ಹೇಳಿದ್ದರು. ಅವನ ಕೊನೆಯ ಪ್ರಯತ್ನ ಮಾತ್ರ ಬಾಕಿ ಇತ್ತು.

ದಾಕ್ಷಾಯಣಿಯ ಮಾತು ಮುಗಿದ ಮೇಲೆ ರಾಗ್ನಿಲ್ಡ್ ಫೋನು ತೆಗೆದುಕೊಂಡು ಅವನ ಬಳಿಗೆ ಹೋದಳು. ದಾಕ್ಷಾಯಣಿಯೂ ಹಿಂದೆ ಹೋದಳು.

"ನೀವು ಅರ್ಜಿ ಬರೆದದ್ದು ಎಲ್ಲಿ ಕೂತು?" ಎಂದು ರಾಗ್ನಿಲ್ಡ್ ಕೇಳಿದಳು.

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ತಪ್ಪು ಒಪ್ಪಿಕೊಳ್ಳುವವನಂತೆ ಹೇಳಿದ: "ನಮ್ಮ ಅಪ್ಪನ ಅಂಗಡಿಯಲ್ಲಿ. ಮನೆಯಲ್ಲಿ ಜಾಗವಿರಲಿಲ್ಲ. ಅವರು ತಾಮ್ರದ ಪಾತ್ರೆ ಬಡಿಯುತ್ತಾರೆ."

ರಾಗ್ನಿಲ್ಡ್ ದಾಕ್ಷಾಯಣಿಯ ಮುಖ ನೋಡಿದಳು.

"ಈಗ ಅಂಗಡಿ ತೆರೆದಿರುತ್ತದೆಯೇ?"

"ತೆರೆದಿರುತ್ತದೆ. ಯಾಕೆ?"

ಅವಳು ಫೋನನ್ನು ಅವನ ಕೈಗೆ ಕೊಟ್ಟಳು. ತರುಣ ಏನೂ ತಿಳಿಯದೆ ಇಬ್ಬರನ್ನೂ ಒಮ್ಮೆ ನೋಡಿ, ಅಪ್ಪನ ನಂಬರು ಒತ್ತತೊಡಗಿದ.